ಅಲಗಿಲ್ಲದ ಕೀಸುಳಿ

ಜನವರಿ 12

ಅಕ್ಕಾ,

ಸುಖವಾಗಿ ಬಂದು ಸೇರಿದೆ. ಹೊರಡುವಾಗ ನೀನು ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು, "ತಲೆ ಬಾಚ್ಕೊಂಡು ಹೋಗೋ, ದೊಡ್ಡ ಹೋಟೆಲು!" ಎಂದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ್ದೆಯಲ್ಲ, ಇಲ್ಲಿನ ಬಾಗಿಲು ಕಾಯುವವನನ್ನು ನೋಡಿದಾಗ ಅದು ನೆನಪಾಗಿ ಕೈಯಲ್ಲೇ ಕೂದಲು ಸರಿಮಾಡಿಕೊಂಡೆ. ಅವನ ಕೋಟಿನ ಗುಂಡಿಗಳು ನಮ್ಮ ಮನೆಯ ಚಮಚಗಳಿಗಿಂತ ಚೆನ್ನಾಗಿ ಹೊಳೆಯುತ್ತವೆ. ಹೊಲಿಗೆ ಮಾತ್ರ ನಿನ್ನದರಷ್ಟು ಗಟ್ಟಿಯಿಲ್ಲ, ಒಂದು ಆಗಲೇ ಜೋತಾಡುತ್ತಿದೆ.

ನನ್ನ ಕೆಲಸದ ಕೋಣೆ ಹೋಟೆಲಿನ ಮುಂದಿನ ಹಜಾರದಲ್ಲೇ ಇದೆ. ಮೂರು ಕಡೆ ಗಾಜು, ಒಂದು ಕಡೆ ಗೋಡೆ. ಗೋಡೆಯ ತುಂಬ ನಮ್ಮ ಬಡಗಿ ಸಾಮಾನು: ಬಾಚಿ, ಕೊಡತಿ, ಬೈರಿಗೆ, ಉಳಿಗಳು, ಅಪ್ಪನ ಗರಗಸ. ಒಂದೊಂದಕ್ಕೂ ಪುಟ್ಟ ದೀಪ ಹಾಕಿದ್ದಾರೆ. ಅಜ್ಜ ಮರ ಹೆರೆಯುತ್ತಿದ್ದ ಕೀಸುಳಿ ಮಾತ್ರ ಬೆಂಚಿನ ಮೇಲೆ, ನನ್ನ ಕೈಗೆ ಸಿಗುವಂತೆ. ಅದರ ಮೂತಿಯ ಮೇಲೆ ಕೆತ್ತಿದ ಬಳ್ಳಿಯನ್ನೂ ಬಾಲ ಸೊಟ್ಟಗಿರುವ ಆ ಹಕ್ಕಿಯನ್ನೂ ನೋಡಲು ಜನ ಬಗ್ಗಿ ಬಗ್ಗಿ ನಿಲ್ಲುತ್ತಾರೆ. "ಇಂಥ ಕೆತ್ತನೆ ಈಗ ಹುಡುಕಿದ್ರೂ ಸಿಗಲ್ಲ ಮಾಸ್ಟರ್" ಎಂದರು ಮ್ಯಾನೇಜರು. ಇಲ್ಲಿ ನನ್ನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಾರೆ, ಗೊತ್ತಿರಲಿ. ಇನ್ನು ಮೇಲೆ ಲಕೋಟೆಯ ಮೇಲೆ ಮೊಂಡ ಗಿಂಡ ಎಂದು ಬರೆದು ಮಾನ ಕಳೆಯಬೇಡ.

ಕಾಗದಕ್ಕೆ ಸಹಿ ಹಾಕಿಯಾಯಿತು. ಸಾಮಾನು ಹೋಟೆಲಿನಲ್ಲೇ ಇರಬೇಕು ಎಂಬುದೊಂದು ಷರತ್ತು. ನಾನೂ ಇಲ್ಲೇ ಇರುವವನಾದ್ದರಿಂದ ಅದೇನು ದೊಡ್ಡ ವಿಷಯವಲ್ಲ.

ಇದರ ಜೊತೆ ಬರುವ ಬಿಸ್ಕತ್ತಿನ ಡಬ್ಬಿಯಲ್ಲಿ ಕೀಸುಳಿಯ ಅಲಗು, ಉಳಿಗಳ ಬಾಯಿ, ಬಾಚಿಯ ಬಾಯಿ ಇವೆ. ಇಲ್ಲಿ ಹೊಸ ಉಕ್ಕಿನವು ಕೊಡುತ್ತಾರಂತೆ. ಹಳೆಯವನ್ನು ನೀನು ಜೋಪಾನ ಮಾಡು. ತುಕ್ಕು ಹಿಡಿಸಿದರೆ ನೋಡು ಮತ್ತೆ.

ಫೋನು ಕೌಂಟರಿನ ಮೇಲಿದೆ. ಅಲ್ಲಿ ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ. ಕಾಗದವೇ ಸರಿ.

ನಿನ್ನ
ಮಾಸ್ಟರ್

*

ಜನವರಿ 27

ಮೊಂಡಾ,

ಲಕೋಟೆಯ ಮೇಲೂ ಹಾಗೇ ಬರೆದಿದ್ದೇನೆ. ಮಾಸ್ಟರಂತೆ, ಮಾಸ್ಟರು! ಮೂಗು ಒರೆಸಿ ಬೆಳೆಸಿದವಳಿಗೆ ನೀನು ಯಾವಾಗಲೂ ಮೊಂಡನೇ.

ಡಬ್ಬಿ ಬಂತು. ತೆರೆದರೆ ಮೇಲೇ ಕೀಸುಳಿಯ ಅಲಗು. ಅಪ್ಪ ಜ್ವರದಲ್ಲಿ ಮಲಗಿದಾಗಲೂ ಆ ಅಲಗನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ನೀನು ಬಿಸ್ಕತ್ತಿನ ಹಾಗೆ ಡಬ್ಬಿಗೆ ತುಂಬಿ ಕಳಿಸಿದ್ದೀಯ. ಹೊಸ ಉಕ್ಕು ಅಷ್ಟು ಚೆನ್ನಾಗಿದೆಯೇ? ಇರಲಿ ಬಿಡು, ಕಾಲಕ್ಕೆ ತಕ್ಕ ಹಾಗೆ. ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಟ್ಟಿದ್ದೇನೆ.

ಕೆಳಗಿನ ಟೈಲರ್ ಈಗ ಅಂಗಿಗಳನ್ನು ತಾನೇ ಮೇಲೆ ತಂದುಕೊಡುತ್ತಾನೆ. ಗುಂಡಿ ಹಾಕಿ, ಕಾಜಾ ಹೊಲಿದು ಇಟ್ಟರೆ ತಾನೇ ಒಯ್ಯುತ್ತಾನೆ. ಒಳ್ಳೆಯ ಮನುಷ್ಯ. ತರಕಾರಿಯನ್ನೂ ಅವನ ಹೆಂಡತಿಯೇ ತರುತ್ತಾಳೆ. ಹೊರಗೆ ಸಿಕ್ಕಾಪಟ್ಟೆ ಧೂಳು, ಯಾರು ಹೋಗುತ್ತಾರೆ ಹೇಳು.

ಒಂದು ಕೆಲಸ ಇದೆ. ಟೈಲರ್‌ನ ತಾಯಿಗೆ ಊರಿಕೊಂಡು ನಡೆಯಲು ಒಂದು ಕೋಲು ಬೇಕು. ನಿನ್ನ ಕೈಯಾರೆ ಮಾಡಿದ್ದೇ ಆಗಬೇಕು. ಆಕೆ ಹೆಚ್ಚುಕಡಿಮೆ ನನ್ನಷ್ಟೇ ಎತ್ತರ, ನನ್ನ ಹಾಗೇ ಎಡಗೈಯವಳು. ನೆಲದಿಂದ ಮಣಿಕಟ್ಟಿನವರೆಗೆ ಅಳತೆ ತೆಗೆದು ದಾರ ಕಳಿಸಿದ್ದೇನೆ. ಗಂಟು ಹಾಕಿದ ಕಡೆ ಹಿಡಿ ಬರಬೇಕು. ಬೇಗ ಕಳಿಸು.

ಬೇಗ ಎಂದರೆ ನಿನ್ನ ಬೇಗ ಅಲ್ಲ, ನನ್ನ ಬೇಗ.

ಅಕ್ಕ

*

ಫೆಬ್ರವರಿ 15

ಅಕ್ಕಾ,

ದಾರ ಸಿಕ್ಕಿತು. ಜೇಬಿನಲ್ಲಿದೆ. ಟೈಲರ್‌ನ ತಾಯಿಗೆ ಅವಸರವೇನು? ಆಕೆ ಓಟದ ಪಂದ್ಯಕ್ಕೆ ಹೋಗುವವಳೇ?

ಇಲ್ಲಿ ಪುರುಸೊತ್ತೇ ಇಲ್ಲ. ಬೆಳಿಗ್ಗೆ ತಿಂಡಿಗೆ ಜನ ಇಳಿಯುವ ಹೊತ್ತಿಗೆ ಬೆಂಚಿನ ಮುಂದೆ ನಿಂತರೆ, ಮಧ್ಯಾಹ್ನ ಊಟಕ್ಕೊಮ್ಮೆ ಬಿಡುವು, ಮತ್ತೆ ದೀಪ ಹಚ್ಚುವವರೆಗೆ. ಹೋಟೆಲಿನವರೇ ಉಡುಪು ಕೊಟ್ಟಿದ್ದಾರೆ. ಒರಟು ಬಟ್ಟೆಯ ಅಂಗಿ, ಮೊಣಕೈಗೆ ತೇಪೆ. ಹೊಸ ಅಂಗಿಗೆ ಹೊಸ ತೇಪೆ ಹಾಕಿಸಿದ್ದಾರೆ ಕಣೇ, ಹರಿಯದ ಕಡೆ! ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಮೊನ್ನೆ ಒಂದು ಪುಟ್ಟ ಹುಡುಗಿ ಗಾಜಿಗೆ ಮೂಗು ಒತ್ತಿ ನಿಂತು, "ಅಮ್ಮಾ, ಇದು ನಿಜವಾದ್ದಾ?" ಎಂದು ಕೇಳಿತು. ಕೀಸುಳಿಯನ್ನು ಕೇಳುತ್ತಿದೆ ಎಂದುಕೊಂಡೆ. ಅದು ನನ್ನನ್ನು ತೋರಿಸುತ್ತಿತ್ತು. ಕಣ್ಣು ಮಿಟುಕಿಸಿದೆ. ಹೆದರಿ ಓಡಿತು.

ಊಟ ಚೆನ್ನಾಗಿದೆ. ಹಾಸಿಗೆ ಮೆತ್ತಗಿದೆ. ಮಲಗುವ ಕೋಣೆ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ. ಕಿಟಕಿಯಿಲ್ಲ, ಆದರೆ ಬೆಚ್ಚಗಿರುತ್ತದೆ.

ಕೋಲು ಮಾಡುತ್ತೇನೆ. ಹೇಳಿದೆನಲ್ಲ.

ನಿನ್ನ ತಮ್ಮ

*

ಮಾರ್ಚ್ 21

ಮೊಂಡಾ,

ಕೋಲು ಬರಲಿಲ್ಲ. ಕಾಗದವೂ ಇಲ್ಲ.

ಟೈಲರ್‌ನ ತಾಯಿ ಗೋಡೆ ಹಿಡಿದು ಹಿಡಿದು ಒಲೆಯವರೆಗೆ ಹೋಗುತ್ತಾಳೆ. ಗೋಡೆಯ ಸುಣ್ಣವೆಲ್ಲ ಅವಳ ಅಂಗೈಗೆ ಬಂದಿದೆ. ಅಲ್ಲಿಂದ ಕಿಟಕಿಯವರೆಗೆ ಕುರ್ಚಿ ತಳ್ಳಿಕೊಂಡು ಹೋಗುತ್ತಾಳಂತೆ. ಕಿಟಕಿಯಲ್ಲಿ ಕೂತು ರಸ್ತೆ ನೋಡುತ್ತಾಳಂತೆ. ಎದುರು ಕಟ್ಟಡದವರು ದಿನಾ ಒಂದೇ ನೀಲಿ ಚಾದರ ಒಣಹಾಕುವುದನ್ನೂ ಹಾಲಿನವನ ಸೈಕಲ್ಲಿನ ಗಂಟೆ ಕೆಟ್ಟಿರುವುದನ್ನೂ ಎಷ್ಟು ಸಲ ಹೇಳುತ್ತಾಳೆ ಎಂದರೆ ನನಗೇ ತಲೆ ಚಿಟ್ಟು ಹಿಡಿದಿದೆ.

ನಿನ್ನನ್ನು ಪೀಡಿಸುತ್ತಿದ್ದೇನೆ ಎಂದುಕೊಳ್ಳಬೇಡ. ದೊಡ್ಡ ಕೆಲಸದಲ್ಲಿದ್ದೀಯ, ಹೆಸರು ಬರುತ್ತಿದೆ. ಕೆಳಗಿನ ಕೆಲಸದ ಕೊಟ್ಟಿಗೆಗೆ ಬೀಗ ಬಿದ್ದ ಮೇಲೆ ನೀನು ಗೋಡೆ ನೋಡಿಕೊಂಡು ಕೂತಿರುತ್ತಿದ್ದೆಯಲ್ಲ, ಆ ಮುಖ ಮತ್ತೆ ನೋಡುವುದು ನನಗೆ ಬೇಡ. ಅಲ್ಲೇ ಇರು, ಗಟ್ಟಿಯಾಗಿ ನಿಲ್ಲು. ಆದರೆ ಒಂದು ಕೋಲು ಅಂದರೆ ನಿನಗೆ ಅರ್ಧ ದಿನದ ಕೆಲಸವಪ್ಪ.

ಅಕ್ಕ

*

ಏಪ್ರಿಲ್ 3

ಅಕ್ಕಾ,

ಇದರ ಜೊತೆ ಕೋಲು ಕಳಿಸಿದ್ದೇನೆ. ದಾರದ ಅಳತೆಗೆ ಸರಿಯಾಗಿದೆ. ನನ್ನ ಕೈಯಾರೆ ಮಾಡಿದ್ದು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ ಎಂದು ಆಕೆಗೆ ಹೇಳು.

ಅವಸರದಲ್ಲಿದ್ದೇನೆ. ಮತ್ತೆ ಬರೆಯುತ್ತೇನೆ.

ತಮ್ಮ

*

ಏಪ್ರಿಲ್ 11

ತಮ್ಮಾ,

ಸುತ್ತಿಬಳಸಿ ಕೇಳುವುದಿಲ್ಲ. ನಿನ್ನ ಕೈಗೆ ಏನಾಗಿದೆ?

ಕೋಲು ಬಂದ ತಕ್ಷಣ ಹಿಡಿಯ ಮೇಲೆ ಅಂಗೈ ಇಟ್ಟೆ. ಗಾಜಿನ ಹಾಗೆ ಜಾರಿತು. ಅಂಗೈ ಕೂರುವ ಜಾಗಕ್ಕೆ ನಮ್ಮ ಮನೆಯಲ್ಲಿ ಯಾರಾದರೂ ಮರಳುಕಾಗದ ಹಾಕಿದ್ದು ಉಂಟೇ? ಅಲ್ಲಿ ಕೀಸುಳಿಯ ಗೆರೆ ಹಾಗೇ ಬಿಡಬೇಕು, ಹಿಡಿದವರ ಕೈಯೇ ಅದನ್ನು ನುಣುಪು ಮಾಡಬೇಕು ಎಂದು ನಿನ್ನ ಕಿವಿ ಹಿಂಡಿ ಕಲಿಸಿದ್ದು ಅಪ್ಪ, ಪಕ್ಕದಲ್ಲಿ ನಿಂತು ನೋಡಿದವಳು ನಾನು. ನೀನು ಸತ್ತರೂ ಅದನ್ನು ಮರೆಯುವವನಲ್ಲ. ಇದು ಅಂಗಡಿಯ ಕೋಲು. ತುದಿಯಲ್ಲಿ ಚೀಟಿ ಕಿತ್ತ ಅಂಟು ಕೂಡ ಇದೆ, ದಡ್ಡಾ.

ನಿನಗೆ ಮಾಡಲು ಆಗಲಿಲ್ಲ. ಹಾಗಾದರೆ ಕೈ ಹೋಗಿದೆ. ಬೆರಳು ಕತ್ತರಿಸಿಕೊಂಡೆಯಾ? ಯಾವ ಬೆರಳು? ಹೆಬ್ಬೆರಳೋ? ಆ ಹೊಸ ಉಕ್ಕು ಎಂದಾಗಲೇ ನನಗೆ ಅನ್ನಿಸಿತ್ತು, ಗುರುತಿಲ್ಲದ ಅಲಗನ್ನು ನಂಬಬಾರದು ಎಂದು. ಕೋಲು ಕೇಳಿ ಕೇಳಿ ನಾನೇ ನಿನ್ನನ್ನು ಅವಸರಪಡಿಸಿದೆ. ಮೂರು ದಿನದಿಂದ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ನಿನ್ನ ಕೈಯೇ ಕಣ್ಣ ಮುಂದೆ ಬರುತ್ತದೆ.

ನಿಜ ಬರೆ. ಬೇರೆಯವರ ಕೈಯಲ್ಲಿ ಬರೆಸಿದರೂ ಸರಿ. ನಿನ್ನ ಅಕ್ಷರ ಮೊದಲಿನಿಂದಲೂ ಕೋಳಿ ಕೆದಕಿದ ಹಾಗೇ ಇರುವುದರಿಂದ ಅದನ್ನು ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ.

ಅಕ್ಕ

*

ಏಪ್ರಿಲ್ 18

ಅಕ್ಕಾ,

ಹತ್ತು ಬೆರಳೂ ಇವೆ. ಒಂದು ಗೀರು ಕೂಡ ಇಲ್ಲ. ಗೀರು ಬೀಳಲು ಈ ಕೋಣೆಯಲ್ಲಿ ಹರಿತವಾದದ್ದು ಏನಿದೆ?

ಹೊಸ ಉಕ್ಕು ಎಂಬುದು ಸುಳ್ಳು. ಬಂದ ದಿನವೇ, ಜನ ಓಡಾಡುವ ಜಾಗದಲ್ಲಿ ಹರಿತವಾದ ವಸ್ತು ಇರಕೂಡದು, ಅಲಗುಗಳನ್ನೆಲ್ಲ ತೆಗೆಯಿರಿ ಎಂದರು. ಹಳೆ ಕಬ್ಬಿಣದ ರಾಶಿಗೆ ಹಾಕುವವರಿದ್ದರು. ಬೇಡಿಕೊಂಡು ಡಬ್ಬಿಗೆ ತುಂಬಿ ನಿನಗೆ ಕಳಿಸಿದೆ. ಈಗ ಉಳಿಗಳಿಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಬಾಯಿ. ಗರಗಸದ ಹಲ್ಲುಗಳನ್ನು ಉಜ್ಜಿ ಮೊಂಡು ಮಾಡಿದ್ದಾರೆ. ಬೆಂಚಿಗೆ ಗಟ್ಟಿ ಮರದ ಒಂದು ಉದ್ದನೆಯ ಪಟ್ಟಿ ಬಿಗಿದಿದ್ದಾರೆ. ಅದರ ಮೇಲೆ ನಾನು ಅಲಗಿಲ್ಲದ ಕೀಸುಳಿಯನ್ನು ಹಿಂದೆ ಮುಂದೆ ಆಡಿಸಬೇಕು. ಅಷ್ಟೇ ನನ್ನ ಕೆಲಸ. ಬೆಳಿಗ್ಗೆ ಕೂಲಿಯವಳು ಬಂದು ಯಾವುದೋ ಕಾರ್ಖಾನೆಯಿಂದ ತಂದ ಮರದ ಹೊಟ್ಟನ್ನು ನನ್ನ ಕಾಲ ಬಳಿ ಉದುರಿಸಿ ಹೋಗುತ್ತಾಳೆ, ಸಂಜೆ ಗುಡಿಸಿಕೊಂಡು ಹೋಗುತ್ತಾಳೆ. ಮರುದಿನ ಅದೇ ಹೊಟ್ಟು.

ಜನ ಫೋಟೋ ತೆಗೆಯುತ್ತಾರೆ. ನಾನು ಬೆವರಬೇಕಂತೆ. ಬೆವರದಿದ್ದಾಗ ಮ್ಯಾನೇಜರು ಹಣೆಗೆ ನೀರು ಚಿಮುಕಿಸಿಕೊಳ್ಳಲು ಹೇಳುತ್ತಾರೆ. ಆ ಪಟ್ಟಿ ನಾನು ಬಂದ ದಿನ ಎಷ್ಟು ದಪ್ಪ ಇತ್ತೋ ಇವತ್ತೂ ಅಷ್ಟೇ ಇದೆ ಅಕ್ಕಾ. ಮೊನ್ನೆ ಊಟದ ಕೋಣೆಯಲ್ಲಿ ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ ನೋಡುತ್ತೇನೆ, ನನ್ನ ಎರಡೂ ಕೈ ಮೇಜಿನ ಮೇಲೆ ಹಿಂದೆ ಮುಂದೆ ಆಡುತ್ತಿವೆ.

ಬಿಟ್ಟು ಬಾ ಅನ್ನುತ್ತೀಯ. ಹೇಗೆ ಬರಲಿ? ಮ್ಯಾನೇಜರನ್ನು ಕೇಳಿದೆ. "ನೀವು ಯಾವಾಗ ಬೇಕಾದ್ರೂ ಹೋಗ್ಬಹುದು ಮಾಸ್ಟರ್, ಬಾಗ್ಲು ತೆಗ್ದೇ ಇದೆ. ಸಾಮಾನು ಮಾತ್ರ ಹೋಟೆಲಿಂದು" ಎಂದರು, ನಗುತ್ತಲೇ. ನಾನೇ ಸಹಿ ಹಾಕಿದ್ದು. ಗೋಡೆಯ ಮೇಲಿನವನ್ನು ಆಗಲೇ ತೂತು ಕೊರೆದು ತಿರುಪು ಹಾಕಿ ಬಿಗಿದುಬಿಟ್ಟಿದ್ದಾರೆ. ಕೊಡತಿಯ ಎದೆಯಲ್ಲೇ ತಿರುಪು ಇದೆ. ಉಳಿದದ್ದು ಅಜ್ಜನ ಕೀಸುಳಿ ಒಂದೇ. ಅಜ್ಜ ತನ್ನ ಕೈಯಾರೆ ಕಡೆದದ್ದು, ಹೆಬ್ಬೆರಳ ಗುಳಿ ಅಜ್ಜನದು. ಪಕ್ಕದ ಫಲಕದಲ್ಲಿ ಅದು ಇನ್ನೂ ನೂರು ವರ್ಷ ಹಳೆಯದು, ಹಕ್ಕಿಯ ಬಾಲ ಬಾಗಿರುವುದು ಯಾವುದೋ ಮರೆತುಹೋದ ಶೈಲಿ ಎಂದೆಲ್ಲ ಬರೆಸಿದ್ದಾರೆ. ಸಾಯಲಿ ಬಿಡು. ಆದರೆ ಅದನ್ನು ಇವರ ಕೈಗೆ ಬಿಟ್ಟು ಬಾಗಿಲು ದಾಟಲು ನನ್ನ ಕಾಲು ಏಳುವುದಿಲ್ಲ. ಅದು ಇಲ್ಲಿರುವವರೆಗೆ ನಾನೂ ಇಲ್ಲೇ.

ನಿನಗೆ ಹೇಳಲಿಲ್ಲ. ಕಟ್ಟಡಕ್ಕೆಲ್ಲ ಕೇಳುವ ಹಾಗೆ ಅಷ್ಟು ಹೆಮ್ಮೆಯಿಂದ ಕೂಗಿದವಳಿಗೆ ಏನೆಂದು ಹೇಳಲಿ?

ಟೈಲರ್‌ನ ತಾಯಿಯ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು.

ಮೊಂಡ

*

ಮೇ 2

ಮೊಂಡಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಬೆರಳುಗಳಿವೆಯಲ್ಲ ಎಂದು. ಆಮೇಲೆ ಬೈದೆ. ಬೈದದ್ದನ್ನು ಬರೆಯುವುದಿಲ್ಲ, ಅಂಚೆಯವನು ಮರ್ಯಾದಸ್ಥ.

ಟೈಲರ್‌ನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲೋ. ನೀನೇ ಹೆಗಲು ಕೊಟ್ಟಿದ್ದೆ. ನಾನು ಬರೆದಾಗ ನಿನಗೆ ಅದೂ ಹೊಳೆಯಲಿಲ್ಲ ಎಂದರೆ ನಿನ್ನ ತಲೆ ಎಲ್ಲಿತ್ತು ಎಂದು ನಾನಾದರೂ ಆಗಲೇ ಯೋಚಿಸಬೇಕಿತ್ತು. ಕೋಲು ಬೇಕಿದ್ದದ್ದು ನನಗೆ. ನೀನು ಊರು ಬಿಟ್ಟ ವಾರವೇ ನೀರಿನ ಕೊಡ ಹಿಡಿದು ಮೆಟ್ಟಿಲಲ್ಲಿ ಜಾರಿದೆ. ಸೊಂಟದ ಮೂಳೆಗೆ ಏಟು ಬಿತ್ತು. ಟೈಲರ್ ಮತ್ತು ಹಾಲಿನವನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದರು. ಅಂದಿನಿಂದ ಈ ಕೋಣೆ, ಈ ಕಿಟಕಿ, ಆ ನೀಲಿ ಚಾದರ. ಹೇಳಿದರೆ ನೀನು ಆ ದೊಡ್ಡ ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ಬಾಯಿ ಮುಚ್ಚಿಕೊಂಡೆ. ನೋಡು ನಮ್ಮ ಬುದ್ಧಿ! ನಾನು ಇಲ್ಲಿ ನಿನಗಾಗಿ ಹಲ್ಲು ಕಚ್ಚಿಕೊಂಡು ಕೂತಿದ್ದರೆ ನೀನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೊಂಬೆಯಾಗಿ ನಿಂತಿದ್ದೀಯ.

ಈಗ ಕಿವಿಗೊಟ್ಟು ಕೇಳು. ಅಜ್ಜನ ಕೀಸುಳಿ, ಅಜ್ಜನ ಕೀಸುಳಿ ಅಂತೀಯಲ್ಲ, ಆ ಮರ ಅಜ್ಜನದಲ್ಲ. ಅಜ್ಜ ಕಡೆದದ್ದು ಸವೆದು ಸವೆದು ಬಾಯಿ ಅಗಲವಾಗಿ ಬಿರುಕು ಬಿಟ್ಟಿತ್ತು. ನೀನಿನ್ನೂ ತೊಟ್ಟಿಲಲ್ಲಿದ್ದೆ. ಅಪ್ಪ ಅಲಗನ್ನು ಬಿಚ್ಚಿಕೊಂಡು, ಹಳೆ ಮರವನ್ನು ಒಲೆಗೆ ಹಾಕಿ ನಿನ್ನ ಸ್ನಾನಕ್ಕೆ ನೀರು ಕಾಯಿಸಿದರು! ನಾನು ಅಯ್ಯೋ ಎಂದಿದ್ದಕ್ಕೆ, "ಸವೆದ ಅಂಗೀನ ಯಾರಾದ್ರೂ ಪೂಜೆ ಮಾಡ್ತಾರೇನೇ? ಅಲಗು ಇದೆಯಲ್ಲ" ಎಂದರು. ಆಮೇಲೆ ಹೊಸ ಮರ ತಂದು ಒಂದೇ ವಾರದಲ್ಲಿ ಕಡೆದರು. ಮರ ಅಲ್ಲಾಡದಂತೆ ಹಿಡಿದುಕೊಂಡವಳು ನಾನು. ಹಕ್ಕಿಯ ಬಾಲ ಕೆತ್ತುವಾಗ ನೀನು ತೊಟ್ಟಿಲಲ್ಲಿ ಕಿಟಾರನೆ ಕಿರುಚಿದೆ, ನಾನು ತಿರುಗಿದೆ, ಉಳಿ ಜಾರಿತು. ಅದಕ್ಕೆ ಬಾಲ ಸೊಟ್ಟ. ಮರೆತುಹೋದ ಶೈಲಿಯಂತೆ! ಅದು ನಿನ್ನ ಅಳುವಿನ ಶೈಲಿ ಎಂದು ಫಲಕದಲ್ಲಿ ಬರೆಸಲು ಹೇಳು.

ಆ ಹೆಬ್ಬೆರಳ ಗುಳಿ ಅಪ್ಪನದು, ಅದರ ಮೇಲೆ ನಿನ್ನದು. ಅಜ್ಜನಿಂದ ಬಂದದ್ದು ಅಲಗು ಒಂದೇ. ಅದು ಮೊದಲ ದಿನದಿಂದ ನನ್ನ ಹತ್ತಿರ ಬಿಸ್ಕತ್ತಿನ ಡಬ್ಬಿಯಲ್ಲಿದೆ. ನೀನು ಯಾವುದನ್ನು ಕಾಯುತ್ತಾ ನಿಂತಿದ್ದೀಯೋ?

ಅಲಗನ್ನು ಇದರ ಜೊತೆ ಕಳಿಸಿದ್ದೇನೆ. ಟೈಲರ್‌ನ ಕೈಯಲ್ಲಿ ಕೊಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತೆ. ಕೂತಲ್ಲೇ ಜರುಗಿ ಜರುಗಿ, ಒಂದೊಂದೇ ಮೆಟ್ಟಿಲು ಇಳಿದೆ, ಚಿಕ್ಕವನಿದ್ದಾಗ ನೀನು ಇಳಿಯುತ್ತಿದ್ದ ಹಾಗೆ. ಸೀರೆಯ ಹಿಂಭಾಗವೆಲ್ಲ ಮಣ್ಣು. ಎರಡನೇ ಮಹಡಿಯವರು ಬಾಗಿಲು ತೆರೆದು ನೋಡಿ ಗಾಬರಿಯಾದರು. "ಏನಿಲ್ಲ, ಗಾಳಿಗೆ ಬಂದೆ" ಎಂದೆ. ಕೆಳಗಿಂದ ನಿನ್ನ ಅಂಗಡಿ ಕೋಲನ್ನೇ ಊರಿಕೊಂಡು ಅಂಚೆ ಕಚೇರಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹಾಳಾದ್ದು ದಾರಿಯಲ್ಲಿ ಎರಡು ಸಲ ಕೈಯಿಂದ ಜಾರಿತು. ವಾಪಸ್ಸು ಹೇಗೆ ಹತ್ತುತ್ತೇನೋ ನನಗೆ ಗೊತ್ತಿಲ್ಲ.

ಅಕ್ಕ

*

ಮೇ 9

ಅಕ್ಕಾ,

ಇದನ್ನು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಂಚೆ ಡಬ್ಬಿಗೆ ಹಾಕುತ್ತೇನೆ, ಆದರೆ ಬಹುಶಃ ಕಾಗದಕ್ಕಿಂತ ಮೊದಲು ನಾನೇ ಬಾಗಿಲು ತಟ್ಟುತ್ತೇನೆ. ಆದರೂ ಬರೆಯದೆ ಇರಲಾರೆ.

ಪಾರ್ಸೆಲ್ ನಿನ್ನೆ ಬಂತು. ನಿನ್ನ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ. ಇವತ್ತು ಬೆಳಿಗ್ಗೆ ತೇಪೆಯ ಅಂಗಿ ಹಾಕಿಕೊಂಡೆ, ಜೇಬಿನಲ್ಲಿ ಅಲಗು, ನಿನ್ನ ದಾರ. ಬೆಂಚಿನ ಮುಂದೆ ನಿಂತು, ಎಲ್ಲರೂ ನೋಡುತ್ತಿರುವಾಗಲೇ, ಅಲಗನ್ನು ಕೂರಿಸಿ ಬೆಣೆ ಹೊಡೆದೆ. ಮೊದಲ ಸಲ ತಳ್ಳಿದಾಗ ಬರೀ ಪುಡಿ ಬಂತು. ಎರಡನೇ ಸಲ ಸುರುಳಿ ಎದ್ದಿತು. ಆ ಸದ್ದು ಇದೆಯಲ್ಲ ಅಕ್ಕಾ, ಅಪ್ಪ ಬೆಳಿಗ್ಗೆ ನಮ್ಮನ್ನು ಎಬ್ಬಿಸುತ್ತಿದ್ದ ಸದ್ದು, ಅದು ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು. ಕೈ ನಿಲ್ಲಿಸಲಿಲ್ಲ. ಬೆಂಚಿನ ಬಿಗಿ ಸಡಿಲಿಸಿ ಹೊರಳಿಸುತ್ತಾ ಚೌಕದ ಪಟ್ಟಿಯ ಮೂಲೆಗಳನ್ನು ತೆಗೆದೆ, ಮತ್ತೆ ಮೂಲೆ ತೆಗೆದೆ, ದುಂಡಗಾಗುವವರೆಗೆ. ಗಾಜಿನ ಹೊರಗೆ ಜನ ಸೇರಿದರು. ಅಲಗನ್ನು ಬಿಚ್ಚಿ, ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಹಿಡಿ ತೀಡಿದೆ. ದಾರ ಹಿಡಿದು ನೋಡಿ, ಹೆಚ್ಚಾದ ತುದಿಯನ್ನು ಸುತ್ತ ಕೊರೆದು ಮುರಿದೆ. ನಿಜವಾಗಿ ಬೆವರಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ಬಂದರು. ಜನ ಚಪ್ಪಾಳೆ ತಟ್ಟುತ್ತಿದ್ದುದರಿಂದ ಕೂಗಾಡಲು ಆಗಲಿಲ್ಲ. ಹಲ್ಲು ಬಿಟ್ಟುಕೊಂಡೇ ಕಿವಿಯ ಹತ್ತಿರ, "ಏನ್ರೀ ಇದು, ಅಲಗು ಎಲ್ಲಿಂದ ಬಂತು? ಆ ಮರ ಹೋಟೆಲಿಂದು!" ಎಂದರು.

"ಹೌದು ಸಾರ್. ನಮ್ಮ ಮರ ನಿಮಗಿರಲಿ, ನಿಮ್ಮ ಮರ ನನಗಿರಲಿ" ಎಂದೆ. ಕೀಸುಳಿಯನ್ನು ಬೆಂಚಿನ ಮೇಲೆ ಅದರ ದೀಪದ ಕೆಳಗೆ ಇಟ್ಟೆ. ತೇಪೆಯ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಅಲಗು, ದಾರ, ಕೋಲು ಹಿಡಿದು ಬನಿಯನ್ನಿನಲ್ಲೇ ಹಜಾರ ದಾಟಿದೆ. ಬಾಗಿಲು ಕಾಯುವವನು ಸಲಾಮು ಹೊಡೆದ. ಅವನ ಆ ಗುಂಡಿ ಬಿದ್ದೇ ಹೋಗಿದೆ.

ಸುಳ್ಳು ಯಾಕೆ ಹೇಳಲಿ, ರಸ್ತೆ ದಾಟಿದ ಮೇಲೆ ತಿರುಗಿ ನೋಡಿದೆ. ಗಾಜಿನೊಳಗೆ ಕೀಸುಳಿ ಕಾಣುತ್ತಿತ್ತು, ಹಕ್ಕಿ ಕಾಣುತ್ತಿರಲಿಲ್ಲ. ಅಪ್ಪನ ಬೆರಳಿನ ಗುಳಿ ಅಲ್ಲೇ ಉಳಿಯಿತು. ಇಂಥ ಮರ ಇನ್ನೊಂದು ಕಡೆಯುತ್ತೇನೆ. ಎಲ್ಲಿ, ಯಾವ ಜಾಗದಲ್ಲಿ, ಯಾವ ಕೆಲಸಕ್ಕೆ ಎಂದು ಕೇಳಬೇಡ, ಗೊತ್ತಿಲ್ಲ. ಮರ ಅಲ್ಲಾಡದಂತೆ ನೀನು ಹಿಡಿದುಕೊಳ್ಳಬೇಕು. ಈ ಸಲ ತಿರುಗಿ ನೋಡಬೇಡ.

ಮತ್ತೆ ಕೂತು ಜರುಗಿ ಗಿರುಗಿ ಕೆಳಗೆ ಇಳಿದೀಯ, ಜೋಕೆ. ಕಿಟಕಿಯಲ್ಲಿರು, ನಾನೇ ಹತ್ತಿ ಬರುತ್ತೇನೆ. ಕೋಲು ನನ್ನ ಮಡಿಲಲ್ಲಿದೆ. ಉದ್ದ ಸರಿಯಾಗಿದೆ, ತೂಕವೂ ಹದವಾಗಿದೆ. ಹಿಡಿ ಮಾತ್ರ ಒರಟು. ಅದಕ್ಕೆ ಮರಳುಕಾಗದ ಹಾಕಿಲ್ಲ. ಅದು ನಿನ್ನ ಕೆಲಸ.

ಮೊಂಡ